ಸೋಮವಾರ ನಿಂತ ಎದೆಬಡಿತ

ಮಳವಳ್ಳಿಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಸಂಜೆ ಏಳರ ಮೇಲೆ ಯಾರೂ ಕಾಯಿಲೆ ಬೀಳುವಂತಿಲ್ಲ. ಆ ಹೊತ್ತು ಧಾರಾವಾಹಿಯ ಸೊಸೆಗೆ ಮೀಸಲು.

ಮೊನ್ನೆ ಅವಳು ಕೋಮಾದಲ್ಲಿದ್ದಳು. ಕಾಡಿಗೆ ತೀಡಿಕೊಂಡು, ಲಿಪ್‌ಸ್ಟಿಕ್ ಹಚ್ಚಿಕೊಂಡು, ಜಡೆ ಮುಂದಕ್ಕೆ ಬಿಟ್ಟುಕೊಂಡು. ಸೋಮವಾರದ ಕೊನೆಗೆ ಮಾನಿಟರಿನ ಗೆರೆ ನೆಟ್ಟಗಾಯಿತು. ಮಂಗಳವಾರ ಪೂರ್ತಿ ನೆಟ್ಟಗೇ ಇತ್ತು: ಅತ್ತೆಯ ಮುಖ ಮೂರು ಸಲ, ನಾದಿನಿಯ ಮುಖ ಮೂರು ಸಲ, ನಡುವೆ ಸೋಪಿನ ಜಾಹೀರಾತು. ಬುಧವಾರ ಗಂಡ ಗುಡಿಯ ಗಂಟೆ ಬಾರಿಸಿದ. ಗುರುವಾರ ಡಾಕ್ಟರು ಇಸ್ತ್ರಿಪೆಟ್ಟಿಗೆಯಂಥ ಎರಡನ್ನು ಉಜ್ಜಿ ಅವಳ ಎದೆಗೊತ್ತಿದರು. ನಾನು ಎದ್ದು ನಿಂತು ಕೂಗಿಯೇಬಿಟ್ಟೆ: "ನೆಟ್ಟಗಿರೋ ಗೆರೆಗೆ ಶಾಕ್ ಕೊಡಲ್ಲ ಸ್ವಾಮಿ! ಅದು ಅಡ್ಡಾದಿಡ್ಡಿ ನಡುಗೋ ಹೃದಯಕ್ಕೆ! ಎದೆ ಒತ್ತಿ, ಅಡ್ರಿನಲಿನ್ ಕೊಡಿ!" ವೈದ್ಯ ಪದವಿ ನನಗಿಲ್ಲ. ಆದರೆ ಅಮೆರಿಕದ 'ಹೌಸ್' ಧಾರಾವಾಹಿಯ ಎಂಟೂ ಸೀಸನ್ ನೋಡಿದ್ದೇನೆ, ಇನ್ನೇನು ಬೇಕು?

"ಸುಮ್ಕಿರ್ಲಾ," ಅಂದರು ದೊಡ್ಡಮ್ಮ. "ಮುತ್ತೈದೆ ಅವ್ಳು. ಹೆಂಗ್ ಸತ್ತಾಳು?"

ಶುಕ್ರವಾರ ಕಿರುಬೆರಳು ಅಲುಗಿತು. ನಾನೂ ಬಿಡಲಿಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೆಕ್ಕ ಒಪ್ಪಿಸಿದೆ: ಅಮೆರಿಕದ ಧಾರಾವಾಹಿಗಳಲ್ಲಿ ಕೋಮಾಕ್ಕೆ ಹೋದ 64 ಜನರಲ್ಲಿ 57 ಮಂದಿ ಪೂರ್ತಿ ಗುಣ! ದೊಡ್ಡಮ್ಮ ಒಂದು ಕ್ಷಣ ಯೋಚಿಸಿ, "ಮಿಕ್ಕೋರು ವಿಲನ್‌ಗಳಿರಬೇಕು" ಅಂದರು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಸಕ್ಕರೆ ನಾಡಿನಲ್ಲಿ ಕೂತು ಇಷ್ಟು ನೋಡಿದರೂ ಒಬ್ಬ ನಾಯಕಿಗೂ ಸಕ್ಕರೆ ಕಾಯಿಲೆ ಬಂದದ್ದು ಕಾಣೆ. ದೊಡ್ಡಮ್ಮ ಜಾಹೀರಾತಿನ ನಡುವೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅದಕ್ಕೆ ಯಾರೂ ವೀಣೆ ನುಡಿಸುವುದಿಲ್ಲ. ಹಾರ್ಟ್ ಅಟ್ಯಾಕೂ ಅಷ್ಟೆ. ಪರದೆಯಲ್ಲಿ ಮಾವನವರು ಎದೆ ಹಿಡಿದು, ಆಸ್ತಿಯ ಗುಟ್ಟು ಅರ್ಧ ಹೇಳಿ, ಸೋಫಾದ ಮೇಲೇ ಬೀಳುತ್ತಾರೆ. ಮದ್ದೂರಿನಲ್ಲಿ ವಡೆ ತಿಂದು ಎದೆ ಉರಿದರೆ ಎಲ್ಲರೂ 'ಗ್ಯಾಸ್ಟ್ರಿಕ್' ಅನ್ನುತ್ತಾರೆ. ಬಹಳ ಸಲ ಅದು ನಿಜವೇ. ದೊಡ್ಡಪ್ಪನ ವಿಷಯದಲ್ಲಿ ನಿಜವಾಗಿರಲಿಲ್ಲ. ಬೆವರುತ್ತಿದ್ದರು, ಎಡಗೈ ಸೆಳೆಯುತ್ತಿದೆ ಅಂದರು. ಅಕ್ಕಪಕ್ಕದವರು ಪ್ರೀತಿಯಿಂದಲೇ ನಿಂಬೆಹಣ್ಣಿನ ಸೋಡಾ ಕುಡಿಸಿದರು.

ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಎದೆನೋವಿನ ಜತೆ ಬೆವರಿದ್ದರೆ ಸೋಡಾ ಅಂಗಡಿ ದಾಟಿ ಮುಂದೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ.