ನೆನಪಿನ ಗರಡಿಮನೆ

ಕೇಳಿದ ಫೋನ್ ನಂಬರನ್ನು ಪೆನ್ನು ಸಿಗುವವರೆಗೆ ತಲೆಯಲ್ಲಿ ಹಿಡಿದಿಟ್ಟು, ಅಷ್ಟರಲ್ಲೇ ಅದನ್ನು ಹಿಂದುಮುಂದು ಮಾಡಿ ಬಳಸಿಕೊಳ್ಳುವ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ‘ಕಾರ್ಯನಿರತ ಸ್ಮೃತಿ’ ಎನ್ನುತ್ತಾರೆ. ಪೆನ್ನು ಸಿಕ್ಕರೂ ಅದರಲ್ಲಿ ಶಾಯಿಯಿಲ್ಲವೆಂದು ತಿಳಿಯುವ ಹೊತ್ತಿಗೆ ಈ ಸ್ಮೃತಿ ಸಾಮಾನ್ಯವಾಗಿ ರಾಜೀನಾಮೆ ಕೊಟ್ಟಿರುತ್ತದೆ. ಸಾಮು ಮಾಡಿಸಿ ಇದನ್ನು ಪೈಲ್ವಾನನಂತೆ ಬೆಳೆಸಬಹುದೆಂದು ನಂಬಿದವರು 1980ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ಸುಮಾರು 230 ಗಂಟೆಗಳ ಅಭ್ಯಾಸದಿಂದ, ಒಮ್ಮೆ ಕೇಳಿ ಒಪ್ಪಿಸಬಲ್ಲ ಅಂಕಿಗಳನ್ನು 7ರಿಂದ 79ಕ್ಕೆ ಏರಿಸಿದನಾದರೂ, ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟೊಡನೆ ಮತ್ತೆ 6ರ ಆಸುಪಾಸಿಗೇ ಬಂದು ಕುಳಿತನು. ಓಟಗಾರನಾಗಿದ್ದ ಅವನು 3492 ಎಂದರೆ 3 ನಿಮಿಷ 49.2 ಸೆಕೆಂಡು, ಅಂದರೆ ಮೈಲಿ ಓಟದ ಆಗಿನ ವಿಶ್ವದಾಖಲೆಗೆ ಹತ್ತಿರ ಎಂದು ಅಂಕಿಗಳನ್ನು ಗಂಟು ಕಟ್ಟುತ್ತಿದ್ದನೇ ಹೊರತು ನೆನಪಿನ ಬುಟ್ಟಿಯೇನೂ ದೊಡ್ಡದಾಗಿರಲಿಲ್ಲ. ಆದ್ದರಿಂದ ಅಭ್ಯಾಸಕ್ಕೆ ಫಲ ಬೇಕೆನ್ನುವವರು ಮೊಬೈಲಿನ ನೆನಪಿನಾಟಗಳ ಚೌಕಗಳೊಡನೆ ಗುದ್ದಾಡುವುದಕ್ಕಿಂತ, ದಿನಸಿಯ ಪಟ್ಟಿಯನ್ನೇ ಒಗ್ಗರಣೆಗಿಷ್ಟು, ಸಾರಿಗಿಷ್ಟು, ಪೂಜೆಗಿಷ್ಟು ಎಂದು ಗಂಟು ಕಟ್ಟಿಕೊಳ್ಳುವುದು ಲೇಸು. ಸಾಸಿವೆ, ಜೀರಿಗೆ, ಇಂಗು ಒಟ್ಟಿಗೇ ನೆನಪಿಗೆ ಬಂದಾವು, ಚೀಲ ಮಾತ್ರ ಮನೆಯಲ್ಲೇ ಉಳಿದೀತು.