ಹೊಳ್ಳಿ ಬರೂ ನೀರು

ಅಕ್ಕಾರ, ಒಂದೀಟ ಗ್ವಾಡಿ ಕಡೆ ಬರ್ರಿ. ಗೋಕರ್ಣದ ಪ್ರಸಾದ ತಗೋರಿ. ನಿನ್ನಿ ರಾತ್ರಿ ಬಂದ್ವಿ. ಮೈಕೈ ಎಲ್ಲಾ ನೋಯಾಕತ್ತಾವು, ಆದ್ರ ನಿಮಗ ಹೇಳದ ಇರಾಕ ಆಗವಲ್ದು.

ನಾವು ದೇವಣಗಾಂವದವ್ರು ನೀರು ಕಾಣದವ್ರಲ್ಲ. ಭೀಮಾ ಹೊಳಿ ದಂಡಿ ಮ್ಯಾಲ ಹುಟ್ಟಿ ಬೆಳದವ್ರು. ಆದ್ರ ನಮ್ಮ ಹೊಳಿ ಯಾವಾಗ ಏರ್ತೈತಿ ಹೇಳ್ರಿ? ಉಜನಿ ಡ್ಯಾಮಿನಿಂದ ನೀರು ಬಿಟ್ರ ಏರ್ತೈತಿ, ಬಿಡದಿದ್ರ ಬ್ಯಾಸಗ್ಯಾಗ ನಡು ಹೊಳ್ಯಾಗ ಉಸುಕು ಕಾಣ್ತೈತಿ. 2020ರ ಅಕ್ಟೋಬರದಾಗ ಹೊಳಿ ಬಂದಾಗ ಕಾಳುಕಡಿ ಹೊತ್ಕೊಂಡು ಓಡ್ಯಾಡಿದ್ದು ಇನ್ನೂ ಕಣ್ಣಾಗ ಐತಿ. ಆ ನೀರು ಕೃಷ್ಣಾ ಕೂಡಿ ಮೂಡಣ ಸಮುದ್ರಕ್ಕ ಹೋತು, ಹೊಳ್ಳಿ ಬರಲಿಲ್ಲ. ಪಡುವಣದಾಗ ಹಂಗಲ್ರಿ. ಅಲ್ಲಿ ಹೋದ ನೀರು ಹೊಳ್ಳಿ ಬರ್ತೈತಿ, ದಿನಾ ಎರಡು ಸಲ.

ಇದು ಗೊತ್ತಿಲ್ಲದ ಮೊದಲ ದಿನ ಓಂ ಬೀಚಿಗೆ ಹೋದ್ವಿ. ಭರತದ ಹೊತ್ತು, ಅಂದ್ರ ನೀರು ಏರೂ ಹೊತ್ತು. ಬಂಡಿಗಲ್ಲಿಗೆ ತೆರಿ ಬಡದು ಮುಖಕ್ಕ ಸಿಡೀತಿತ್ತು. ಹುಡುಗ್ರನ್ನ ನೀರಿಗೆ ಬಿಡಾಕ ಧೈರ್ಯ ಆಗ್ಲಿಲ್ಲ. ಅರ್ಧ ತಾಸು ನಿಂತು ತಿರುಗಿದ್ವಿ. ಚಾದ ಅಂಗಡಿ ಅಜ್ಜಾರು ನಮ್ಮ ಮುಖ ನೋಡಿ, "ಇಳಿತ ಯಾವಾಗ ಅಂತ ಕೇಳ್ಕಂಡು ಬರ್ಬೇಕಿತ್ತು" ಅಂದ್ರು. ಆಮ್ಯಾಲ ಕುಂತು ಲೆಕ್ಕ ಹೇಳಿದ್ರು. ಒಂದು ಭರತದಿಂದ ಇನ್ನೊಂದು ಭರತಕ್ಕ ಸುಮಾರು ಹನ್ನೆರಡು ತಾಸು ಇಪ್ಪತ್ತೈದು ನಿಮಿಷ. ಹಿಂಗಾಗಿ ಇವತ್ತಿಗಿಂತ ನಾಳೆ ಐವತ್ತು ನಿಮಿಷ ತಡಾ. ಹುಣ್ಣಿಮಿ, ಅಮಾಸಿಗೆ ಸೂರ್ಯ ಚಂದ್ರ ಒಂದೇ ಗೆರಿಯಾಗ ನಿಂತು ಎಳೀತಾವು, ಅವತ್ತು ಏರೂದೂ ಹೆಚ್ಚು, ಇಳಿಯೂದೂ ಹೆಚ್ಚು. ಅಷ್ಟಮಿ ಸುತ್ತಮುತ್ತ ಕಡಿಮಿ. ನಾವು ಬಿತ್ತಾಕ ಪಂಚಾಂಗ ನೋಡಿದಂಗ ಅವ್ರು ನೀರಿಗೆ ಇಳಿಯಾಕ ತಿಥಿ ನೋಡ್ತಾರ.

ಮರುದಿನ ಮತ್ತ ಬೀಚಿಗೆ ಹೋಗ್ಲಿಲ್ಲ. ತದಡಿಗೆ ಹೋದ್ವಿ, ಅಘನಾಶಿನಿ ಸಮುದ್ರ ಕೂಡೂ ಜಾಗಾಕ್ಕ. ಶಿರಸಿ ಕಡೆ ಹುಟ್ಟಿ ಘಟ್ಟ ಇಳದು ಬರೂ ಹೊಳಿ, ನಡಕ ಒಂದು ಡ್ಯಾಮೂ ಇಲ್ಲ. 2024ರಾಗ ಈ ಅಳಿವೆಗೆ ರಾಮ್ಸಾರ್ ತಾಣ ಅಂತ ಮಾನ್ಯತಾ ಸಿಕ್ಕೈತಿ, ಅಂದ್ರ ಜಗತ್ತು ಕಾಪಾಡಬೇಕಾದ ಜೌಗು ನೆಲಾ ಅಂತ. ಮುಂಜಾನಿ ಹೋದಾಗ ದಂಡಿ ತನಕ ನೀರು ತುಂಬಿ ನಿಂತಿತ್ತು. ಉಪ್ಪುನೀರಾಗ ಬೆಳಿಯೂ ಕಾಂಡ್ಲಾ ಗಿಡಗಳು ನಡಾಮಟ ಮುಳಗಿದ್ವು. ಬುತ್ತಿ ಬಿಚ್ಚಿ, ರೊಟ್ಟಿ ತಿಂದು, ಅಲ್ಲೇ ನೆರಳಿಗೆ ಕುಂತ್ವಿ.

ನೀರು ಯಾವಾಗ ತಿರುಗಿತು ಅಂತ ತಿಳೀಲೇ ಇಲ್ರಿ. ಎದುರಿಗೆ ಒಂದು ತೆಂಗಿನ ಕರಟ ತೇಲ್ತಿತ್ತು. ಮೊದಲ ಒಳಗ ಬರಾಕತ್ತಿತ್ತು, ಆಮ್ಯಾಲ ಒಂದೇ ಕಡೆ ನಿಂತ್ಕೊಂತು, ಆಮ್ಯಾಲ ಮೆಲ್ಲಕ ಸಮುದ್ರದ ಕಡೆ ಹೊಂಟಿತು. ಎರಡು ತಾಸಿನಾಗ ಗಿಡದ ಬುಡಾ ಕಂಡ್ವು. ಕೆಸರಿನಾಗಿಂದ ಬೆರಳುದ್ದದ ಬೇರು ಮ್ಯಾಲಕ್ಕ ಮುಖಾ ಮಾಡಿ ಸಾವಿರಾರು ನಿಂತಾವು, ಥೇಟ್ ಜೋಳಾ ಕೊಯ್ದ ಹೊಲದಾಗಿನ ಕೂಳಿ! ಕೆಸರಾಗ ಗಾಳಿ ಇರಂಗಿಲ್ಲ, ಅದಕ ಆ ಗಿಡ ಮ್ಯಾಲ ಬೇರು ಎತ್ತಿ ಉಸಿರಾಡ್ತೈತಂತ. ಅದರ ಸಂದ್ಯಾಗ ಹೆಸರುಕಾಳಿನಷ್ಟು ಸಣ್ಣ ಏಡಿ ಮರಿ, ನೆರಳು ಬಿದ್ರ ಸಾಕು, ಎಲ್ಲಾ ತೂತಿನಾಗ.

ಇಳಿತ ಪೂರ್ತಿ ಆಗೂದ್ರಾಗ ಹೆಣ್ಣಮಕ್ಕಳು ಬುಟ್ಟಿ ಹಿಡಕೊಂಡು ಬಂದ್ರು. ಮೊಣಕಾಲಮಟ ನೀರಾಗ ಬಗ್ಗಿ, ಕಣ್ಣು ಎಲ್ಲೋ, ಕೈ ಎಲ್ಲೋ. ಕೆಸರಾಗ ಬೆರಳಾಡಿಸಿ ಬಳಚು ತಗೀತಾರ, ಒಳಗ ಮಾಂಸ ಇರೂ ಚಿಪ್ಪು. ಒಬ್ಬಾಕಿ ನನ್ನ ಅಂಗೈ ಮ್ಯಾಲ ಒಂದು ಇಟ್ಲು. ತಣ್ಣಗಿತ್ತು, ಬಿಗಿಯಾಗಿ ಬಾಯಿ ಮುಚ್ಚಿತ್ತು. "ಹೊಳ್ಳಿ ನೀರು ಏರೂದ್ರಾಗ ಬುಟ್ಟಿ ತುಂಬಬೇಕು" ಅನ್ನೂ ಗಡಿಬಿಡಿ ಆಕಿ ಬೆನ್ನಾಗ ಕಾಣ್ತಿತ್ತು. ನಮ್ಮಲ್ಲಿ ಮಳಿ ಬರೂ ಮುಂಚೆ ರಾಶಿ ಮುಚ್ಚಾಕ ಓಡ್ತೀವಲ್ರಿ, ಹಂಗ, ದಿನಾ.

ಮತ್ತೊಂದು ಮಾತು, ನಿಮ್ಮ ಸೌಳ ಹೊಲದ ಸಲುವಾಗಿ ನೆನಪಿಟ್ಕೊಂಡು ಬಂದೀನಿ. ಅಲ್ಲಿ ಮಾಣಿಕಟ್ಟಾ ಅಂತ ಊರೈತಿ. ಉಪ್ಪುನೀರು ಹೊಕ್ಕೂ ಗಜನಿ ಭೂಮ್ಯಾಗ ಕಗ್ಗ ಅನ್ನೂ ಭತ್ತ ಬೆಳೀತಾರ. ಒಡ್ಡು ಕಟ್ಟಿ, ತೂಬಿನಾಗ ಹಲಗಿ ಇಟ್ಟು, ಭರತಕ್ಕ ಮುಚ್ಚಿ ಇಳಿತಕ್ಕ ತಗೀತಾರ. ಒಂದೊಂದು ಸಲ ಒಡ್ಡು ದಾಟಿ ಉಪ್ಪುನೀರು ನಿಂತ್ರೂ ಆ ಭತ್ತ ತಡಕೊಂತೈತಿ. ನಾವು ಸೌಳ ಬಿದ್ದ ನೆಲಕ್ಕ ಕೈ ಮುಗದು ಬಿಟ್ಟುಬಿಡ್ತೀವಿ, ಅವ್ರು ಅದರಾಗ ಅನ್ನ ಎತ್ತ್ಯಾರ.

ನಮ್ಮ ಗಾಡಿಯವ ಮಾತ್ರ ಒಂದೇ ಸವನ ಅಂತಿದ್ದ, "ಮುರುಡೇಶ್ವರ, ಮಿರ್ಜಾನ್ ಕೋಟಿ, ಯಾಣ, ಎಲ್ಲಾ ಇವತ್ತೇ ಮುಗಿಸ್ರಿ" ಅಂತ. ನಾ ಒಪ್ಪಲಿಲ್ಲ. ಐದು ಜಾಗಾ ಓಡಿ ನೋಡಿದ್ರ ಐದು ಫೋಟೋ ಸಿಗತಾವು ಅಷ್ಟ. ಒಂದೇ ಜಾಗಾದಾಗ ಆರು ತಾಸು ಕುಂತ್ರ ಒಂದೇ ಹೊಳಿ ಎರಡು ಹೊಳಿ ಆಗಿ ಕಾಣ್ತೈತಿ.

ನೀವೂ ಹೋಗಿ ಬರ್ರಿ ಅಕ್ಕಾರ. ಮಳಿಗಾಲದಾಗ ಬ್ಯಾಡ, ಆಗ ಸಮುದ್ರ ಭಾಳ ಸಿಟ್ಟಿನಾಗಿರ್ತೈತಿ. ಜೋಳದ ರಾಶಿ ಮುಗೀಲಿ, ಹೋಳಿ ಹುಣ್ಣಿಮಿ ಹಿಡದು ಹೋಗ್ರಿ. ನಿಮ್ಮ ಮನಿ ಮುದುಕಿನ್ನೂ ಕರಕೊಂಡು ಹೋಗ್ರಿ, ಆಕಿಗೆ ನಡಿಯೂದು ಏನೂ ಇಲ್ಲ, ಕುಂದ್ರೂದ ಐತಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಹೆಚ್ಚಿಗೆ ಕಟ್ಕೋರಿ. ಬಳಚು ಕೊಟ್ಟಾಕಿಗೆ ಎರಡು ರೊಟ್ಟಿ ಕೊಟ್ಟಿದ್ದೆ. ಮುರದು ವಾಸನಿ ನೋಡಿ, "ಇದು ಎಂತಾ ಹಿಟ್ಟು?" ಅಂತ ಕೇಳಿದ್ಲು. ಮುಂದಿನ ಸಲ ಜೋಳಾ ತಂದು ತೋರಸ್ತೀನಿ ಅಂದೀನಿ. ಯಾರರೆ ಮೊದಲ ಹೋದವ್ರು ಒಂದು ಸೇರು ಒಯ್ಯಬೇಕು.