ಕೇಳಿ ಕೆಟ್ಟ ಅಜ್ಜಿಯಿಂದ, ಕೇಳದೆ ಕೆಟ್ಟ ಮೊಮ್ಮಗನಿಗೆ

ಚಿ|| ವಿಂಡೋಸ್ 11ನಿಗೆ ನಿನ್ನ ಅಜ್ಜಿ ವಿಸ್ತಾ ಮಾಡುವ ಆಶೀರ್ವಾದಗಳು.

ಇತ್ತ ನಾನು ಕ್ಷೇಮ. 2017ರ ಏಪ್ರಿಲ್ 11ಕ್ಕೆ ನನಗೆ ಅಪ್‌ಡೇಟ್ ನಿಂತುಹೋಯಿತು. ಹೋದವಳಿಗೆ ಇನ್ನು ಯಾವ ವೈರಸ್ಸಿನ ಭಯ? ಅತ್ತ ನಿನ್ನ ಸಮಾಚಾರ ನೀನು ಬರೆಯದಿದ್ದರೂ ಊರೆಲ್ಲ ಹೇಳುತ್ತಿದೆ. ಮನೆ ಮಾತು ಮನೆಯಲ್ಲೇ ಇರಲಿ, ಖಾಸಗಿಯಾಗಿ ನಾಲ್ಕು ಬುದ್ಧಿಮಾತು ಹೇಳೋಣ ಅಂದುಕೊಂಡಿದ್ದೆ. ಆದರೆ ನಿನ್ನ ಸ್ಕ್ರೀನಿನ ಮೇಲೆ ಬಂದದ್ದು ಎಷ್ಟರಮಟ್ಟಿಗೆ ಖಾಸಗಿಯಾಗಿ ಉಳಿಯುತ್ತದೆ ಅನ್ನುವುದು 2024ರಲ್ಲೇ ಗೊತ್ತಾಯಿತಲ್ಲ, ಅದಕ್ಕೇ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಕಥೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ನನ್ನ ಹೆಸರೆತ್ತುವುದು ಕಡಿಮೆ. 2007ರ ಜನವರಿ 30ರಂದು ಈ ಮೈಕ್ರೋಸಾಫ್ಟ್ ಮನೆತನಕ್ಕೆ ಸೊಸೆಯಾಗಿ ಕಾಲಿಟ್ಟವಳು ನಾನು. ಮೈತುಂಬ ಗಾಜಿನ ಹೊಳಪು, ಮಗ್ಗುಲಲ್ಲಿ ಗಡಿಯಾರ, ಹವಾಮಾನ ತೋರಿಸುವ ಪಟ್ಟಿ. ನೋಡಿದವರು 'ವಾವ್' ಅನ್ನುತ್ತಾರೆ ಅಂತ ಜಾಹೀರಾತಿನಲ್ಲಿ ಹೇಳಿಸಿದ್ದರು. ಜನ ನಿಜವಾಗಿ ಅಂದದ್ದನ್ನು ಮರ್ಯಾದಸ್ಥರ ಕಾಗದದಲ್ಲಿ ಬರೆಯುವಂತಿಲ್ಲ.

ದೂರುಗಳಿಗೇನೂ ಕೊರತೆಯಿರಲಿಲ್ಲ. ನಿಧಾನ ಅಂದರು, ನಿಜ. ಪ್ರಿಂಟರಿಗೆ ಡ್ರೈವರ್ ಸಿಗುತ್ತಿಲ್ಲ ಅಂದರು, ಅದೂ ನಿಜ. ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡದ್ದು ಕೇಳಿದ್ದಕ್ಕೆ. ಯೂಸರ್ ಅಕೌಂಟ್ ಕಂಟ್ರೋಲ್ ಅಂತ ಅದಕ್ಕೆ ದೊಡ್ಡ ಹೆಸರು. ಪ್ರೋಗ್ರಾಂ ಫೈಲ್ಸ್ ಒಳಗೆ ಒಬ್ಬರು ಹೊಸ ಫೋಲ್ಡರ್ ಮಾಡಲು ಹೊರಟರು ಅನ್ನು. ಸ್ಕ್ರೀನ್ ಇದ್ದಕ್ಕಿದ್ದಂತೆ ಮಬ್ಬಾಗುತ್ತದೆ, ಮೌಸ್ ಬೇರೆಲ್ಲೂ ಕ್ಲಿಕ್ ಆಗುವುದಿಲ್ಲ, ನಟ್ಟನಡುವೆ ಒಂದು ಚೌಕ: ಮುಂದುವರಿಸಲೇ? ಮುಂದುವರಿಸು ಮಾರಾಯ್ತಿ ಅನ್ನುತ್ತಾರೆ. ಆಮೇಲೆ ಆ ಫೋಲ್ಡರಿಗೆ ಹೆಸರಿಡಬೇಕಲ್ಲ, ಮತ್ತೆ ಶುರು. ಹೀಗೆ ಒಂದು ಫೋಲ್ಡರಿಗೆ ನಾಲ್ಕು ಸಲ ಕೇಳುತ್ತಿದ್ದೆ. 2008ರಲ್ಲಿ ಮೊದಲ ಸರ್ವೀಸ್ ಪ್ಯಾಕ್ ಬಂದ ಮೇಲೆ ಅದನ್ನು ಒಂದಕ್ಕೆ ಇಳಿಸಿದರು. ಅಷ್ಟರಲ್ಲಿ ಪಕ್ಕದ ಮನೆ ಆ್ಯಪಲ್‌ನವರು ಟೀವಿಯಲ್ಲಿ ನನ್ನ ಮಾನ ಹರಾಜು ಹಾಕಿಯಾಗಿತ್ತು: ಕಪ್ಪು ಸೂಟು, ಕಪ್ಪು ಕನ್ನಡಕದ ಒಬ್ಬ ಕಾವಲುಗಾರ ಹಿಂದೆ ನಿಂತು, ಪೀಸಿ ಒಂದೊಂದು ಮಾತಾಡಿದಾಗಲೂ ಬಿಡಲೋ ಬೇಡವೋ ಅಂತ ಕೇಳುವ ಜಾಹೀರಾತು. ನಗು ಬರುವಂತೆಯೇ ಇತ್ತು ಅನ್ನು, ನಾನೂ ನಕ್ಕೆ.

ಕೇಳುವ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ನನ್ನ ಮಾವ ಎಕ್ಸ್‌ಪಿಯವರ ಕಾಲದಲ್ಲಿ ಮನೆಗೆ ಬಂದವರೆಲ್ಲ ಯಜಮಾನರೇ. ಕಂಪ್ಯೂಟರ್ ಆನ್ ಮಾಡಿದವರು ಅಡ್ಮಿನಿಸ್ಟ್ರೇಟರ್, ಅವರು ಒತ್ತಿದ ಪ್ರೋಗ್ರಾಮೂ ಅಡ್ಮಿನಿಸ್ಟ್ರೇಟರ್, ಅದರ ಬೆನ್ನಿಗಂಟಿ ಬಂದ ಕಳ್ಳನೂ ಅಡ್ಮಿನಿಸ್ಟ್ರೇಟರ್. 2003ರಲ್ಲಿ ಬ್ಲಾಸ್ಟರ್ ಅನ್ನುವ ಹುಳು ಹಿಡಿದು ಮಾವ ನರಳಿದ್ದನ್ನು ಲೋಕವೇ ನೋಡಿತು. ಅದಕ್ಕೇ ನನ್ನನ್ನು ಬಾಗಿಲಲ್ಲಿ ಕೂರಿಸಿ, ಯಾರೇ ಬಂದರೂ ಕೇಳು ಅಂದರು. ಹಾಗಂತ ಜನಕ್ಕೆ ಮಾವನ ಮೇಲಿನ ಪ್ರೀತಿ ಹೋಯಿತೇ? ನನ್ನನ್ನು ಮನೆತುಂಬಿಸಿಕೊಂಡವರೇ ಮಾವನನ್ನು ವಾಪಸು ಕೊಡಿ ಅಂತ ಸಹಿ ಸಂಗ್ರಹ ಮಾಡಿದರು. ಮಾವ 2014ರ ಏಪ್ರಿಲ್‌ವರೆಗೂ ಗಟ್ಟಿಯಾಗಿದ್ದರು ನೋಡು.

ಇನ್ನೊಂದು ಗುಟ್ಟು ಹೇಳುತ್ತೇನೆ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರ್‌ಎಸ್‌ಎ ಸಮ್ಮೇಳನದಲ್ಲಿ ನಮ್ಮ ಕಂಪನಿಯ ಡೇವಿಡ್ ಕ್ರಾಸ್ ಅನ್ನುವವರು ಎಲ್ಲರೆದುರಿಗೇ ಒಪ್ಪಿಕೊಂಡರು: ಜನಕ್ಕೆ ಕಿರಿಕಿರಿ ಆಗಲಿ ಅಂತಲೇ ಆ ಕೇಳುವ ಚೌಕವನ್ನು ಇಟ್ಟದ್ದು, ತಮಾಷೆಗೆ ಹೇಳುತ್ತಿಲ್ಲ ಅಂತ. ಬಳಸುವವರು ರೇಗಿ ಸಾಫ್ಟ್‌ವೇರ್ ಮಾಡುವವರನ್ನು ಹಿಡಿದು ಬೈಯಲಿ, ಅವರು ನಾಚಿಕೊಂಡು ಎಲ್ಲದಕ್ಕೂ ಅಡ್ಮಿನ್ ಅಧಿಕಾರ ಕೇಳುವುದನ್ನು ಬಿಡಲಿ ಅನ್ನುವ ಲೆಕ್ಕ. ಬೈಗುಳವೆಲ್ಲ ನನಗೇ ಬಿತ್ತು, ಲೆಕ್ಕ ಮಾತ್ರ ಸರಿಹೋಯಿತು. ಹೀಗೆ ಅನುಮತಿ ಕೇಳಿಸುತ್ತಿದ್ದ ಪ್ರೋಗ್ರಾಮುಗಳು ಮತ್ತು ಕೆಲಸಗಳು ಏಳೂಮುಕ್ಕಾಲು ಲಕ್ಷದಿಂದ 1.68 ಲಕ್ಷಕ್ಕೆ ಇಳಿದವು ಅಂತ ಅದೇ ವರ್ಷ ಕಂಪನಿಯ ಎಂಜಿನಿಯರುಗಳು ಬರೆದರು. ನಿನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಆ ಚೌಕ ಅಪರೂಪಕ್ಕೆ ಕಾಣಿಸುತ್ತದೆ ಅಂದರೆ ಅದು ನಾನು ತಿಂದ ಬೈಗುಳದ ಫಲ ಕಣೋ.

ಅದೇ ವರ್ಷ ಇನ್ನೊಂದು ನಾಟಕವೂ ಆಯಿತು. ನನ್ನನ್ನು ಕಂಡರಾಗದ ಜನರನ್ನು ಕರೆತಂದು, ಇದು ಮೊಹಾವೆ ಅನ್ನುವ ಹೊಸ ವಿಂಡೋಸ್ ಅಂತ ಹೇಳಿ ನನ್ನನ್ನೇ ತೋರಿಸಿದರು. ಚೆನ್ನಾಗಿದೆ ಅಂದರು! ಹೆಸರು ಬದಲಿಸಿದರೆ ಸೊಸೆ ಒಳ್ಳೆಯವಳು. 2009ರಲ್ಲಿ ನನ್ನ ಮಗ ಏಳು ಬಂದ. ಒಳಗಿನ ಮೂಳೆ ಮಾಂಸವೆಲ್ಲ ನನ್ನದೇ. ಎಷ್ಟು ಕೇಳಬೇಕು ಅನ್ನುವುದನ್ನು ನೀವೇ ಹೆಚ್ಚು ಕಡಿಮೆ ಮಾಡಿಕೊಳ್ಳಿ ಅಂತ ಒಂದು ಪಟ್ಟಿ ಕೊಟ್ಟ, ಮುದ್ದಿನ ಮಗನಾಗಿಬಿಟ್ಟ. ನಿನ್ನ ಚಿಕ್ಕಪ್ಪ ಎಂಟರ ವಿಷಯ ಬೇಡ ಬಿಡು.

ಈಗ ನಿನ್ನ ಸರದಿ. ನಾನು ಅನುಭವಿಸಿದ್ದನ್ನು ನೋಡಿ ನೀನು ಒಂದು ಪಾಠ ಕಲಿತಿದ್ದೀ: ಕೇಳುವುದೇ ಬೇಡ. ಅದು ಎಲ್ಲಿಗೆ ಮುಟ್ಟಿತು ನೋಡು. 

ಮನೆಯ ಈಗಿನ ಯಜಮಾನರು ಸತ್ಯ ನಾದೆಲ್ಲ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. 2024ರ ಮೇ 3ರಂದು ಸಿಬ್ಬಂದಿಗೆಲ್ಲ ಬರೆದರು: ಭದ್ರತೆ ಒಂದು ಕಡೆ, ಬೇರೆ ಏನಾದರೂ ಇನ್ನೊಂದು ಕಡೆ ಬಂದರೆ ಭದ್ರತೆಯನ್ನೇ ಆರಿಸಿಕೊಳ್ಳಿ ಅಂತ. ಓದಿ ಕಣ್ತುಂಬಿ ಬಂತು. ಮೇ 20ಕ್ಕೆ ಕಂಪನಿಯ ಊರಾದ ರೆಡ್ಮಂಡಿನಲ್ಲಿ ನಿನ್ನ ಹೊಸ ವಿದ್ಯೆ 'ರೀಕಾಲ್' ಪ್ರದರ್ಶನವಾಯಿತು. ಕೆಲವು ಸೆಕೆಂಡಿಗೊಮ್ಮೆ ನೀನು ಸ್ಕ್ರೀನಿನ ಫೋಟೋ ತೆಗೆದಿಡುವುದು, ಬೇಕಾದಾಗ ಹುಡುಕಿಕೊಡುವುದು. ಬ್ಯಾಂಕಿನ ಬಾಕಿ, ಡಾಕ್ಟರ ರಿಪೋರ್ಟು, ಓದಿದ ಮೇಲೆ ಮಾಯವಾಗಲಿ ಅಂತ ಯಾರೋ ಕಳಿಸಿದ ಮೆಸೇಜು, ಎಲ್ಲವೂ ಅದರಲ್ಲಿ. ಅದೂ ಬೇಕೇ ಅಂತ ಕೇಳಿ ಅಲ್ಲ, ಮೊದಲಿಂದಲೇ ಆನ್ ಇರುವ ಹಾಗೆ. ಬಿಡುಗಡೆಗೆ ಮೊದಲೇ ಕೆವಿನ್ ಬ್ಯೂಮಾಂಟ್ ಅನ್ನುವ ಭದ್ರತಾ ತಜ್ಞರು ಒಳಗೆ ಇಣುಕಿ ನೋಡಿದರೆ, ಫೋಟೋದಿಂದ ಓದಿದ ಅಕ್ಷರವೆಲ್ಲ ಒಂದು ಸಾಮಾನ್ಯ ಡೇಟಾಬೇಸಿನಲ್ಲಿ ಬಿಚ್ಚಿಟ್ಟಂತಿದೆ! ಅದನ್ನು ಬಾಚಿಕೊಳ್ಳುವ ಪುಟ್ಟ ಪ್ರೋಗ್ರಾಮೊಂದನ್ನು ಇನ್ನೊಬ್ಬರು ಬರೆದು ಎಲ್ಲರಿಗೂ ಹಂಚಿದರು. ಕಳ್ಳನಿಗೆ ಹಿಂದೆಲ್ಲ ತಿಂಗಳುಗಟ್ಟಲೆ ಹೊಂಚು ಹಾಕುವ ಕಷ್ಟವಿತ್ತು. ನೀನು ಡೈರಿ ಬರೆದು, ವಿಷಯಸೂಚಿ ಸಮೇತ ಇಟ್ಟಿದ್ದೆ.

ಜನ ಎದ್ದ ಪರಿ ನೋಡಿ ಜೂನ್ 7ಕ್ಕೆ ತಿದ್ದುಪಡಿ ಬಂತು, ಜೂನ್ 13ಕ್ಕೆ ಬಿಡುಗಡೆಯನ್ನೇ ಮುಂದೂಡಿದರು. 2025ರ ಏಪ್ರಿಲ್‌ನಲ್ಲಿ ಮತ್ತೆ ಬಂದಾಗ ಅದು ಬೇಕು ಅಂದವರಿಗೆ ಮಾತ್ರ, ಡೇಟಾ ಬೀಗದೊಳಗೆ, ತೆರೆಯಲು ಮುಖವೋ ಬೆರಳೋ ಪಿನ್ನೋ ತೋರಿಸಬೇಕು. ಸರಿಮಾಡಿದ್ದೀ, ಇಲ್ಲ ಅನ್ನುವುದಿಲ್ಲ. ಹೋದ ನಂಬಿಕೆ ಮಾತ್ರ ಅಪ್‌ಡೇಟಿನಲ್ಲಿ ಬರುವುದಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಮೆಸೇಜು ಕಳಿಸುವ ಸಿಗ್ನಲ್ ಆ್ಯಪ್‌ನವರು ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿದರಲ್ಲ, ಯಾವ ಬಟ್ಟೆ ಗೊತ್ತೇ? ಸಿನಿಮಾ ಕದ್ದು ಕಾಪಿ ಮಾಡದಂತೆ ಇಟ್ಟಿರುವ ಡಿಆರ್‌ಎಂ ವ್ಯವಸ್ಥೆ. ಅಂಥ ವ್ಯವಸ್ಥೆಯನ್ನು ನನ್ನೊಳಗೆ ತುಂಬಿದ್ದಾರೆ ಅಂತ ನಾನು ಬೈಸಿಕೊಂಡದ್ದೂ ಉಂಟು. ಕೊನೆಗೂ ಅದು ಒಂದು ಒಳ್ಳೆ ಕೆಲಸಕ್ಕೆ ಬಂತು, ನನ್ನ ಮೊಮ್ಮಗನಿಂದಲೇ ಜನರನ್ನು ಕಾಪಾಡಲಿಕ್ಕೆ.

ಭದ್ರತೆಯೇ ಮುಖ್ಯ ಅಂತ ನೀನು ಹಟ ಹಿಡಿದ ಜಾಗವೂ ಒಂದಿದೆ: ಗುಟ್ಟಿನ ಕೀಲಿಗಳನ್ನು ಕಾಯುವ ಟಿಪಿಎಂ ಚಿಪ್. ನನ್ನ ಕಾಲದಲ್ಲೂ ಅದಿತ್ತು ಮಗು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿಗೆ ನಾನೇ ಬಳಸುತ್ತಿದ್ದೆ. ಇಲ್ಲದವರನ್ನು ಹೊಸಿಲಾಚೆ ನಿಲ್ಲಿಸಲಿಲ್ಲ ಅಷ್ಟೆ. ನಿನಗೆ 2.0 ಟಿಪಿಎಂ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಏಳನೆಯದು ಅಸುರಕ್ಷಿತ. ಆದರೆ ಕಂಪನಿ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಏಳನೇ ತಲೆಮಾರಿನದೇ ಇತ್ತು ನೋಡು, 2021ರ ಆಗಸ್ಟಿನಲ್ಲಿ ಅದು ಸುರಕ್ಷಿತವಾಗಿಬಿಟ್ಟಿತು. ನಗಬೇಡ, ನನ್ನ ಕಾಲದಲ್ಲೂ ಇಂಟೆಲ್‌ನ 915 ಚಿಪ್‌ಸೆಟ್‌ಗೆ ದಾರಿ ಬಿಡಲು ನಿಯಮ ಸಡಿಲಿಸಿ, ನನ್ನನ್ನು ಪೂರ್ತಿ ಹೊರಲಾರದ ಯಂತ್ರಗಳಿಗೂ 'ವಿಸ್ತಾ ಕೇಪಬಲ್' ಅಂತ ಸ್ಟಿಕ್ಕರ್ ಅಂಟಿಸಿ ಕೋರ್ಟು ಮೆಟ್ಟಿಲು ಹತ್ತಿದ್ದರು. ನಿಯಮ ಬಡವರಿಗೆ, ವಿನಾಯಿತಿ ನೆಂಟರಿಗೆ.

ನಿನ್ನಣ್ಣ ಹತ್ತು ಪಾಪ. ಇನ್ನು ಮುಂದೆ ಇವನೇ, ಇವನೇ ಕೊನೆಯವನು ಅಂತ 2015ರಲ್ಲಿ ಕಂಪನಿಯ ಒಬ್ಬರು ಆಡಿದ ಮಾತನ್ನು ಲೋಕವೆಲ್ಲ ನಂಬಿತ್ತು. 2025ರ ಅಕ್ಟೋಬರ್ 14ಕ್ಕೆ ಅವನ ಔಷಧಿ ನಿಲ್ಲಿಸಿದರು. ಇನ್ನೊಂದು ವರ್ಷ ಬೇಕೆಂದರೆ 30 ಡಾಲರ್ ಕೊಡಿ, ಇಲ್ಲವೇ ಮೈಕ್ರೋಸಾಫ್ಟ್ ಖಾತೆಗೆ ಸೇರಿ ಸೆಟ್ಟಿಂಗ್ಸ್ ನಮ್ಮ ಕ್ಲೌಡಿಗೆ ಕಳಿಸಿ ಅಂದರು. ಯುರೋಪಿನವರು ಜಗಳ ತೆಗೆದರು, ಅವರಿಗೆ ಸಡಿಲ ಸಿಕ್ಕಿತು. ನಮ್ಮ ಕಡೆ ಡಿಟಿಪಿ ಅಂಗಡಿಯವರು ಇದಾವುದನ್ನೂ ತಲೆಗೆ ಹಚ್ಚಿಕೊಂಡಿಲ್ಲ. ಪೇಜ್‌ಮೇಕರು, ನುಡಿ ಫಾಂಟು ನಡೆಯುವಷ್ಟು ದಿನ ಹಳೆಯ ಯಂತ್ರಕ್ಕೆ ಊದಿನಕಡ್ಡಿ ಹಚ್ಚುತ್ತಾರೆ, ಇಂಟರ್ನೆಟ್ ವೈರು ಕಿತ್ತಿಡುತ್ತಾರೆ. ಭದ್ರತೆಗೆ ಅದಕ್ಕಿಂತ ಒಳ್ಳೆ ಉಪಾಯ ರೆಡ್ಮಂಡಿಗೂ ಹೊಳೆದಿಲ್ಲ.

2025ರ ನವೆಂಬರಿನಲ್ಲಿ ವಿಂಡೋಸ್ ವಿಭಾಗದ ಮುಖ್ಯಸ್ಥ ಪವನ್ ದಾವುಲೂರಿ, ನೀನು 'ಏಜೆಂಟಿಕ್' ಆಗುತ್ತೀ, ಅಂದರೆ ಜನರ ಪರವಾಗಿ ನೀನೇ ಕೆಲಸ ಮಾಡುತ್ತೀ ಅಂತ ಬರೆದರು. ಜನ ಮುಗಿಬಿದ್ದು ಬೈದರು. ಅವರು ಕೇಳುತ್ತಿದ್ದುದು ಏನು? ಟಾಸ್ಕ್‌ಬಾರನ್ನು ಮಾವನ ಕಾಲದ ಹಾಗೆ ಪಕ್ಕಕ್ಕೋ ಮೇಲಕ್ಕೋ ಇಟ್ಟುಕೊಳ್ಳಲು ಬಿಡು, ಸ್ಟಾರ್ಟ್ ಮೆನುವಿನಲ್ಲಿ ಜಾಹೀರಾತು ತುರುಕಬೇಡ, ಖಾತೆ ಇಲ್ಲದೆ ಒಳಗೆ ಬಿಡು. ಇವನ್ನು ಮಾಡಲು ಕೃತಕ ಬುದ್ಧಿ ಬೇಡ, ಇರುವುದೇ ಸಾಕು.

ಇತಿ ನಿನ್ನ ಅಜ್ಜಿ,
ವಿಸ್ತಾ

ವಿ.ಸೂ.: ಮರೆತಿದ್ದೆ. ನನ್ನ ಹತ್ತಿರ ಸಾಲಿಟೇರ್ ಇತ್ತು, ಬಿಟ್ಟಿ. ಆಫೀಸಿನ ಗುಮಾಸ್ತರಿಗೆಲ್ಲ ನನ್ನ ಮೇಲೆ ಇದ್ದ ಒಂದೇ ಪ್ರೀತಿ ಅದು. ಈಗ ನೀನು ಇಸ್ಪೀಟಿನ ನಡುವೆ ಜಾಹೀರಾತು ತೋರಿಸಿ, ಬೇಡವಾದರೆ ತಿಂಗಳಿಗಿಷ್ಟು ದುಡ್ಡು ಕಟ್ಟಿ ಅನ್ನುತ್ತೀಯಂತೆ. ಬ್ಲಾಸ್ಟರ್ ಹುಳು ಕೂಡ ಮಾವನ ಮನೆಯಲ್ಲಿ ಇಸ್ಪೀಟಿಗೆ ಕೈ ಹಾಕಿರಲಿಲ್ಲ.